ಎಲೆ ಊಟ ಮತ್ತು ಕಸದ ಶುಲ್ಕ: ನಮ್ಮ ಗ್ರಾಹಕರಿಗೆ ಒಂದು ಪತ್ರ

ಬೆಂಗಳೂರು
25 ನವೆಂಬರ್ 2025

ಮಾನ್ಯ ಗ್ರಾಹಕ ಬಂಧುಗಳೇ,

ನಮ್ಮ ಮಹಿಳಾ ಸಹಕಾರ ಸಂಘದ ಊಟದ ಮನೆಯಲ್ಲಿ ಡಿಸೆಂಬರ್ 1ರಿಂದ, ಸೋಮವಾರದಿಂದ ಶನಿವಾರದವರೆಗೆ, ಬಾಳೆಎಲೆಯ ಬದಲು ಸ್ಟೀಲ್ ತಟ್ಟೆಯಲ್ಲಿ ಊಟ ಬಡಿಸಲಾಗುವುದು. ಭಾನುವಾರ ಮತ್ತು ಹಬ್ಬದ ದಿನಗಳಲ್ಲಿ ಎಲೆ ಊಟ ಎಂದಿನಂತೆಯೇ ಇರುತ್ತದೆ. ಊಟದ ದರ 10 ರೂಪಾಯಿ ಹೆಚ್ಚಲಿದೆ. ಮನೆಯಿಂದ ಕ್ಯಾರಿಯರ್ ತಂದು ಪಾರ್ಸಲ್ ಒಯ್ಯುವವರಿಗೆ ಹಳೆಯ ದರವೇ ಮುಂದುವರಿಯುತ್ತದೆ.

ಈ ಸುದ್ದಿ ಕೇಳಿ ನಿಮ್ಮಲ್ಲಿ ಹಲವರಿಗೆ ಬೇಸರವಾಗಿದೆ. ನಿಮಗಾಗುವ ಅನನುಕೂಲಕ್ಕೆ ಸಂಘದ ಎಲ್ಲ ಸದಸ್ಯೆಯರ ಪರವಾಗಿ ಕ್ಷಮೆ ಕೋರುತ್ತೇವೆ. ಆದರೆ "ಮಹಿಳಾ ಸಂಘವೂ ಈಗ ಲಾಭದ ಹಿಂದೆ ಬಿದ್ದಿದೆ" ಎಂಬ ಮಾತು ಕ್ಯಾಷ್ ಕೌಂಟರಿನ ಮುಂದೆಯೇ ಕೇಳಿಬಂದಾಗ ನಮಗೆ ನೋವಾಗಿದೆ. ಕಳೆದ ಏಪ್ರಿಲ್‌ನಲ್ಲಿ ನಂದಿನಿ ಹಾಲಿನ ದರ ಲೀಟರಿಗೆ 4 ರೂಪಾಯಿ ಏರಿತು, ಮೊಸರೂ ತುಟ್ಟಿಯಾಯಿತು. ಆಗ ನಾವು ಊಟದ ದರ ಮುಟ್ಟಲಿಲ್ಲ, ಮಜ್ಜಿಗೆಗೆ ನೀರು ಹೆಚ್ಚಿಸಲೂ ಇಲ್ಲ. ಈಗಿನ ಹೊರೆ ಅಡುಗೆಮನೆಯ ಒಳಗೆ ಹುಟ್ಟಿದ್ದಲ್ಲ.

ನಗರದಲ್ಲಿ ಏಪ್ರಿಲ್ 1ರಿಂದ ಘನತ್ಯಾಜ್ಯ ನಿರ್ವಹಣೆಯ ಬಳಕೆದಾರರ ಶುಲ್ಕ ಜಾರಿಗೆ ಬಂದಿದೆ. ದಿನಕ್ಕೆ 100 ಕಿಲೋಗಿಂತ ಹೆಚ್ಚು ಕಸ ಬರುವ ನಮ್ಮಂಥ ಅಡುಗೆಮನೆಗಳು ಸಗಟು ತ್ಯಾಜ್ಯ ಉತ್ಪಾದಕರ ಸಾಲಿಗೆ ಸೇರುವುದರಿಂದ, ಕಿಲೋಗೆ 12 ರೂಪಾಯಿಯಂತೆ ಲೆಕ್ಕ ಹಾಕಲಾಗುತ್ತದೆ. ಬರೀ ನೂರು ಕಿಲೋ ಎಂದು ಹಿಡಿದರೂ ದಿನಕ್ಕೆ 1,200, ತಿಂಗಳಿಗೆ 36,000 ರೂಪಾಯಿ. ಬೆಳಿಗ್ಗೆ ಮಾರುಕಟ್ಟೆಯಿಂದ ಬರುವ ಎಲೆಯ ಕಟ್ಟನ್ನು ಒಬ್ಬರೇ ಹೆಗಲ ಮೇಲೆ ಹೊತ್ತು ತರುತ್ತಾರೆ. ಅದೇ ಎಲೆ ಊಟವಾಗಿ ಮಡಚಿದ ಮೇಲೆ ಉಳಿದ ಅನ್ನ, ಸಾರು, ಅಗಿದಿಟ್ಟ ನುಗ್ಗೆಕಾಯಿ, ಚಿಮುಕಿಸಿದ ನೀರು ಎಲ್ಲವನ್ನೂ ಒಳಗೆ ಹಿಡಿದುಕೊಂಡಿರುತ್ತದೆ. ಮಧ್ಯಾಹ್ನ ಮೂರರ ಹೊತ್ತಿಗೆ ಆ ಎಲೆಗಳು ತುಂಬಿದ ಕಸದ ಡ್ರಮ್ಮನ್ನು ಬಾಗಿಲವರೆಗೆ ಸರಿಸಲು ಇಬ್ಬರು ಬೇಕು. ತಕ್ಕಡಿಯ ಮೇಲೆ ಏರುವುದು ಆ ಡ್ರಮ್ಮು.

ತಟ್ಟೆಯೂ ಪುಕ್ಕಟೆ ಬರುವುದಿಲ್ಲ. ಕಾವೇರಿ ನೀರಿನ ದರ 2014ರ ನಂತರ ಮೊದಲ ಸಲ ಏರಿದ್ದು ಇದೇ ವರ್ಷದ ಏಪ್ರಿಲ್‌ನಲ್ಲಿ. ತಟ್ಟೆಗಳನ್ನು ಬಿಸಿನೀರಿನಲ್ಲಿ ತೊಳೆದು ಒಣಗಿಸಲು ಇನ್ನಿಬ್ಬರು ಸದಸ್ಯೆಯರಿಗೆ ಕೆಲಸ ಕೊಟ್ಟಿದ್ದೇವೆ. ಹೆಚ್ಚಿಸಿರುವ 10 ರೂಪಾಯಿ ಈ ಕೂಲಿ, ನೀರು ಮತ್ತು ಉಳಿದ ಕಸದ ಶುಲ್ಕಕ್ಕೆ ಸರಿಹೋಗುತ್ತದೆ. ವಾರವಿಡೀ ಎಲೆಯಲ್ಲೇ ಬಡಿಸಿದ್ದರೆ ದರವನ್ನು ಇನ್ನೂ ಹೆಚ್ಚು ಏರಿಸಬೇಕಾಗುತ್ತಿತ್ತು.

ನಾವು ಪದೇ ಪದೇ ಕೇಳುತ್ತಿರುವ ಆಕ್ಷೇಪ ಒಂದಿದೆ: "ನಮ್ಮ ಮನೆಯ ಕಸಕ್ಕೆ ಆಸ್ತಿ ತೆರಿಗೆಯ ಜೊತೆಯಲ್ಲೇ ಶುಲ್ಕ ಕಟ್ಟಿದ್ದೇವೆ, ನಿಮ್ಮ ಕಸಕ್ಕೂ ನಾವೇ ಏಕೆ ಕೊಡಬೇಕು?" ಪ್ರಶ್ನೆ ನ್ಯಾಯವಾದದ್ದೇ, ಆದ್ದರಿಂದ ಬಿಡಿಸಿ ಹೇಳುತ್ತೇವೆ. ಮನೆಗಳ ಶುಲ್ಕ ನಿಗದಿಯಾಗಿರುವುದು ಕಟ್ಟಡದ ವಿಸ್ತೀರ್ಣದ ಮೇಲೆ. 600 ಚದರ ಅಡಿಯವರೆಗಿನ ಮನೆಗೆ ತಿಂಗಳಿಗೆ 10 ರೂಪಾಯಿ, ಸಾವಿರದಿಂದ ಎರಡು ಸಾವಿರ ಚದರ ಅಡಿಯ ಮನೆಗೆ 100, ನಾಲ್ಕು ಸಾವಿರ ದಾಟಿದರೆ 400. ನಿಮ್ಮ ಮನೆಯಲ್ಲಿ ಮದುವೆಗೆ ನೆಂಟರು ತುಂಬಿದ ತಿಂಗಳೂ, ಬೀಗ ಹಾಕಿಕೊಂಡು ಊರಿಗೆ ಹೋದ ತಿಂಗಳೂ ಅಷ್ಟೇ ಮೊತ್ತ. ನಮ್ಮದು ಹಾಗಲ್ಲ, ಇಲ್ಲಿ ಪ್ರತಿಯೊಂದು ಎಲೆಗೂ ಬೆಲೆ ಬೀಳುತ್ತದೆ. ನಿಮ್ಮ ಶುಲ್ಕವನ್ನು ನಾವು ಎರಡನೆಯ ಸಲ ವಸೂಲು ಮಾಡುತ್ತಿಲ್ಲ, ಎರಡೂ ಬೇರೆ ಬೇರೆ ಲೆಕ್ಕ. ಸಂಘದ ಉಳಿತಾಯದಿಂದ ಕಟ್ಟಬಹುದಲ್ಲ ಎಂದು ಕೇಳಿದವರಿಗೂ ಉತ್ತರಿಸಬೇಕು: ಆ ಉಳಿತಾಯವೆಂದರೆ ಒಲೆಯ ಮುಂದೆ ನಿಲ್ಲುವ ಸದಸ್ಯೆಯರ ಬೋನಸ್ಸು ಮತ್ತು ಅವರ ಷೇರಿನ ಮೇಲಿನ ಡಿವಿಡೆಂಡು. ಅದಕ್ಕೆ ಕೈ ಹಾಕಬಾರದೆಂದು ಮಹಾಸಭೆಯಲ್ಲಿ ನಿರ್ಧರಿಸಿದ್ದೇವೆ, ಆ ನಿರ್ಧಾರ ಸರಿಯಾದದ್ದೆಂದೇ ನಂಬಿದ್ದೇವೆ. ಇನ್ನು, ಹಸಿ ಕಸವನ್ನು ಸ್ವಂತ ಜಾಗದಲ್ಲಿ ಗೊಬ್ಬರ ಮಾಡಿಕೊಳ್ಳಬಹುದೆಂಬುದು ನಿಜವಾದರೂ, ಹಿತ್ತಲಿಲ್ಲದ ಬಾಡಿಗೆ ಕಟ್ಟಡದಲ್ಲಿ ದಿನಾ ನೂರು ಕಿಲೋ ಹಸಿ ಕಸಕ್ಕೆ ಗುಂಡಿ ತೋಡಲು ಸ್ಥಳವಿಲ್ಲ.

"ಕಾರ್ಪೊರೇಟರ್‌ಗೆ ಹೇಳಬಾರದಿತ್ತೇ?" ಎಂದು ಹಿರಿಯರೊಬ್ಬರು ಕೇಳಿದರು. ಹೇಳಲು ಕಾರ್ಪೊರೇಟರ್ ಇದ್ದರಲ್ಲವೇ? ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಗೆ (ಬಿಬಿಎಂಪಿ) ಕೊನೆಯ ಚುನಾವಣೆ ನಡೆದದ್ದು 2015ರ ಆಗಸ್ಟ್‌ನಲ್ಲಿ. ಆ ಕೌನ್ಸಿಲ್‌ನ ಅವಧಿ ಮುಗಿದದ್ದು 2020ರ ಸೆಪ್ಟೆಂಬರ್ 10ರಂದು. ಅಂದಿನಿಂದ ಆಡಳಿತ ಅಧಿಕಾರಿಗಳ ಕೈಯಲ್ಲಿದೆ. ಈ ವರ್ಷದ ಸೆಪ್ಟೆಂಬರ್ 2ರಿಂದ ಒಂದು ಪಾಲಿಕೆಯ ಜಾಗದಲ್ಲಿ ಐದು ಪಾಲಿಕೆಗಳು, ಅವುಗಳ ಮೇಲೆ ಗ್ರೇಟರ್ ಬೆಂಗಳೂರು ಪ್ರಾಧಿಕಾರ ಬಂದಿದ್ದರೂ, ಚುನಾಯಿತ ಸದಸ್ಯರು ಇನ್ನೂ ಬಂದಿಲ್ಲ. ಕಸ ಶುಲ್ಕದಂಥ ವಿಷಯ ಚುನಾಯಿತ ಕೌನ್ಸಿಲ್‌ನಲ್ಲಿ ಚರ್ಚೆಯಾಗಿದ್ದರೆ, ದೊಡ್ಡ ಹೋಟೆಲಿಗೂ ಮಹಿಳೆಯರ ಸಹಕಾರ ಸಂಘಕ್ಕೂ ಒಂದೇ ದರ ಏಕೆಂದು ಕೇಳಲು ನಮ್ಮ ವಾರ್ಡಿನಿಂದ ಒಬ್ಬರಾದರೂ ಎದ್ದು ನಿಲ್ಲುತ್ತಿದ್ದರೆಂಬುದು ನಮ್ಮ ದೃಢವಾದ ನಂಬಿಕೆ. ಶುಲ್ಕವೇ ಬೇಡವೆಂದು ನಾವು ಹೇಳುತ್ತಿಲ್ಲ. ಕಸ ಎತ್ತುವ ಪೌರಕಾರ್ಮಿಕರಿಗೆ ಸಂಬಳ ಸಿಗಲೇಬೇಕು. ಹಸಿ ಕಸ, ಒಣ ಕಸ ಕಟ್ಟುನಿಟ್ಟಾಗಿ ಬೇರ್ಪಡಿಸಿ ಕೊಡುವವರಿಗೆ ರಿಯಾಯಿತಿ ಬೇಕು, ತೂಕ ನಮ್ಮ ಕಣ್ಣೆದುರಿಗೇ ಆಗಬೇಕು. ಈ ಎರಡು ಬೇಡಿಕೆಗಳ ಮನವಿಯನ್ನು ಸಿದ್ಧಪಡಿಸಿ ಕೌಂಟರಿನಲ್ಲಿ ಇಟ್ಟಿದ್ದೇವೆ. ಒಪ್ಪಿಗೆಯಿದ್ದವರು ಸಹಿ ಮಾಡಬಹುದು. ಈಗ ಅದನ್ನು ಆಯುಕ್ತರಿಗೆ ಸಲ್ಲಿಸುತ್ತೇವೆ. ಕೌನ್ಸಿಲ್ ಮತ್ತು ವಾರ್ಡ್ ಸಮಿತಿ ರಚನೆಯಾದ ದಿನ ಅಲ್ಲಿಯೂ ಮಂಡಿಸುತ್ತೇವೆ. ದರ ಇಳಿದರೆ ಊಟದ ಬೆಲೆಯನ್ನೂ ಇಳಿಸುತ್ತೇವೆ.

ವ್ರತ, ನೇಮ ಅಥವಾ ವಯಸ್ಸಿನ ಕಾರಣದಿಂದ ಎಲೆಯಲ್ಲೇ ಊಟ ಮಾಡುವವರು ಬಡಿಸುವವರಿಗೆ ಒಂದು ಮಾತು ಹೇಳಿದರೆ ಸಾಕು. ಯಾವ ದಿನವಾದರೂ, ಹೆಚ್ಚಿನ ಹಣವಿಲ್ಲದೆ, ಎಲೆ ಹಾಕುತ್ತೇವೆ. ಮುಂಗಡವಾಗಿ ಊಟದ ಕೂಪನ್ ಕೊಂಡವರಿಗೆ ಪುಸ್ತಕ ಮುಗಿಯುವವರೆಗೂ ಹಳೆಯ ದರವೇ ಅನ್ವಯಿಸುತ್ತದೆ.

ಇಂತು ನಿಮ್ಮ ವಿಶ್ವಾಸಿಗಳು,
ಕಾರ್ಯದರ್ಶಿ ಮತ್ತು ಆಡಳಿತ ಮಂಡಳಿಯ ಸದಸ್ಯೆಯರು