ನನ್ನ ದನಿಗಾಗಿ ಕಾದವರಿಗೆ

ಬನದ ಹುಣ್ಣಿಮೆಯ ತೇರು ಎಳೆದ ಮೂರನೆಯ ರಾತ್ರಿ, ಬಾದಾಮಿ ಬನಶಂಕರಿಯ ಜಾತ್ರೆಯಲ್ಲಿ, ದನಿ ಕಳೆದುಕೊಂಡ ಹದಿನಾಲ್ಕು ತಿಂಗಳ ನಂತರ ನಾನು ಮತ್ತೆ ರಂಗದ ಮೇಲೆ ಮಾತನಾಡಿದೆ. ದೊಡ್ಡ ಪಾರ್ಟೇನೂ ಅಲ್ಲ. ನಾಲ್ಕು ದೃಶ್ಯಗಳಲ್ಲಿ ಬಂದು ಹೋಗುವ ತಾಯಿ. ಆದರೂ ನನ್ನ ಮೊದಲ ಮಾತು ಮುಗಿಯುವವರೆಗೆ ನಾಟಕ ಕಂಪನಿಯ ಅರ್ಧ ಜನ ಪರದೆಯ ಮರೆಯಲ್ಲಿ ಉಸಿರು ಬಿಗಿಹಿಡಿದು ನಿಂತಿದ್ದರು. ದನಿ ಒಡೆದರೆ ಆ ಕ್ಷಣವೇ ಹಾರ್ಮೋನಿಯಂ ಎತ್ತಿ ಅದನ್ನು ಮುಚ್ಚಿಬಿಡಬೇಕೆಂದು ಪೇಟಿ ಮಾಸ್ತರರು ಯಾರಿಗೂ ಹೇಳದೆ ನಿಶ್ಚಯಿಸಿದ್ದರಂತೆ. ದನಿ ಒಡೆಯಲಿಲ್ಲ. ಮಾಸ್ತರರ ಕಣ್ಣು ತುಂಬಿದ್ದು ನನಗೆ ರಂಗದ ಮೇಲಿನಿಂದಲೇ ಕಂಡಿತು.

ಅಂದಿನಿಂದ ಫೋನ್ ಕರೆಗಳು ನಿಂತಿಲ್ಲ. ಎಲ್ಲರಿಗೂ ಮಾತನಾಡಿ ಉತ್ತರಿಸುವಷ್ಟು ಗಂಟಲನ್ನು ದುಡಿಸಲು ನನಗೆ ಇನ್ನೂ ವೈದ್ಯರ ಅನುಮತಿ ಇಲ್ಲ. ಅದಕ್ಕಾಗಿ ಬರೆಯುತ್ತಿದ್ದೇನೆ. ಹೆಸರು ಹಾಕಬೇಡಿ ಎಂದು ಕೇಳಿಕೊಂಡವರೇ ಹೆಚ್ಚು. ಅವರ ಮಾತನ್ನು ಉಳಿಸಿಕೊಳ್ಳುತ್ತೇನೆ.

ನಾನು ಗುಳೇದಗುಡ್ಡದವಳು. ತಾಯಿ ಕಂಪನಿ ನಟಿ. ಆರನೆಯ ವಯಸ್ಸಿನಲ್ಲಿ ಹರಿಶ್ಚಂದ್ರ ನಾಟಕದ ಲೋಹಿತಾಶ್ವನಾಗಿ ನನಗೆ ಬಣ್ಣ ಹಚ್ಚಿದರು. ಚಂದ್ರಮತಿ ನನ್ನ ತಾಯಿಯೇ. ಹಾವು ಕಚ್ಚಿ ಸತ್ತ ಮಗನಾಗಿ ಅವಳ ತೊಡೆಯ ಮೇಲೆ ಮಲಗಿದಾಗ ಅವಳ ಕಣ್ಣೀರು ನನ್ನ ಕೆನ್ನೆಯ ಬಣ್ಣವನ್ನು ತೊಳೆಯುತ್ತಿತ್ತು. ಅಳುತ್ತಿದ್ದರೂ ಅವಳ ಒಂದಕ್ಷರ ಮುಕ್ಕಾಗುತ್ತಿರಲಿಲ್ಲ. ಹೊಟ್ಟೆಯಿಂದ ಏಳುತ್ತಿದ್ದ ಆ ದನಿಯ ನಡುಕವನ್ನು ನಾನು ಕಿವಿಗಿಂತ ಮೊದಲು ಬೆನ್ನಿನಲ್ಲಿ ಕೇಳಿದ್ದೇನೆ.

ಅಕ್ಷರ ತಿದ್ದಿದವರು ಪರದೆಯ ಮರೆಯಿಂದ ನಟರಿಗೆ ಮಾತು ನೆನಪಿಸುತ್ತಿದ್ದ, ಕಂಪನಿಯ ಪ್ರಾಂಪ್ಟರ್ ಅಜ್ಜ. ಬಾಯಿಯ ಮುಂದೆ ಅಂಗೈ ಹಿಡಿಸಿ 'ಬ' ಅನ್ನಿಸುತ್ತಿದ್ದರು, ನಂತರ 'ಭ'. ಎರಡನೆಯದಕ್ಕೆ ಅಂಗೈಗೆ ಗಾಳಿ ತಾಗದಿದ್ದರೆ ಮತ್ತೆ ಮೊದಲಿನಿಂದ. ವಿದ್ಯುತ್ ಹೋದರೆ ತೂಗುಮೈಕ್ ಸತ್ತಂತೆ, ಆಗ ಗಲ್ಲೆಪೆಟ್ಟಿಗೆಯ ಹತ್ತಿರ ನಿಂತವನಿಗೂ ಕೇಳಬೇಕು ಎನ್ನುತ್ತಿದ್ದರು. ನನ್ನ ಸಂಪಾದನೆಯ ಬೇರು ಅವರ ಆ ಪಾಠದಲ್ಲಿದೆ. ಅವರು ಬದುಕಿದ್ದಾಗ ಇದನ್ನು ಹೇಳಲಿಲ್ಲ.

ಅಮೀರಬಾಯಿ ಕರ್ನಾಟಕಿಯವರ ಕಥೆಯನ್ನು ತಾಯಿ ನೂರು ಸಲ ಹೇಳಿದ್ದಾಳೆ. ನಮ್ಮ ಬೀಳಗಿಯ ಹುಡುಗಿ ಮುಂಬೈಗೆ ಹೋಗಿ ಸಿನಿಮಾದಲ್ಲಿ ನಟಿಸಿದಳು, 1943ರ 'ಕಿಸ್ಮತ್' ಚಿತ್ರದ ಹಾಡುಗಳಿಂದ ದೇಶಕ್ಕೆಲ್ಲ ಪರಿಚಿತಳಾದಳು, ಅವಳ ಅಕ್ಕ ಗೋಹರಬಾಯಿ ಮರಾಠಿ ರಂಗಭೂಮಿಯ ನಟ ಬಾಲಗಂಧರ್ವರ ಜೊತೆ ರಂಗದ ಮೇಲೆ ನಿಂತಳು. ರಂಗ, ತೆರೆ, ದನಿ ಎಂದು ನಾವು ಈಗ ಬೇರೆ ಬೇರೆ ಎಣಿಸುವುದನ್ನು ಅವರು ಒಂದೇ ಬದುಕಿನಲ್ಲಿ ಬಾಳಿದರು. ಕೆಲಸವಿಲ್ಲದ ದಿನಗಳಲ್ಲಿ ನನಗೆ ಆ ಹೆಸರೇ ಸಾಕಾಗುತ್ತಿತ್ತು.

ಬೆಂಗಳೂರಿನ ಧಾರಾವಾಹಿಗಳ ಹತ್ತು ವರ್ಷಗಳ ಬಗ್ಗೆ ಹೆಚ್ಚು ಬರೆಯುವುದಿಲ್ಲ. ನಮ್ಮ ಕಡೆಯ ಮಾತು ನಗಿಸುವುದಕ್ಕೆ ಮಾತ್ರ ಎಂದು ನಂಬಿದವರು ಅಲ್ಲಿ ಹಲವರಿದ್ದರು. ಮನೆಗೆಲಸದವಳ ಪಾತ್ರಕ್ಕೆ ನನ್ನನ್ನು ಕರೆಯುತ್ತಿದ್ದರು, ಮನೆಯೊಡತಿಯ ಪಾತ್ರಕ್ಕೆ ಅಲ್ಲ. ಆಗ ನನ್ನ ಕೈಹಿಡಿದದ್ದು ಧಾರವಾಡ ಆಕಾಶವಾಣಿಯ ನಾಟಕ ವಿಭಾಗ. ಅಲ್ಲಿನ ಧ್ವನಿಪರೀಕ್ಷೆಯಲ್ಲಿ ನನ್ನ ಮುಖವನ್ನು ಯಾರೂ ನೋಡಲಿಲ್ಲ. ಮೊದಲು 'ಬಿ' ಶ್ರೇಣಿ, ಕೆಲವು ವರ್ಷಗಳ ನಂತರ 'ಬಿ-ಹೈ'. ಬಾನುಲಿಯಲ್ಲಿ ನಾನು ರಾಣಿಯಾಗಿದ್ದೇನೆ, ಪ್ರಾಧ್ಯಾಪಕಿಯಾಗಿದ್ದೇನೆ, ಹದಿನಾರರ ಹುಡುಗಿಯೂ ಆಗಿದ್ದೇನೆ. ಗಾಜಿನ ಆಚೆ ಕುಳಿತ ಆ ನಿರ್ಮಾಪಕಿ ಕೈಸನ್ನೆಯಲ್ಲೇ ನನ್ನ ದನಿಯನ್ನು ಇಳಿಸಲು ಕಲಿಸಿದರು. ಕೂಗಿ ಹೇಳುವುದು ಗೊತ್ತಿತ್ತು, ಪಿಸುಗುಡುವಷ್ಟು ಹತ್ತಿರ ಬಂದು ಹೇಳುವುದು ಗೊತ್ತಿರಲಿಲ್ಲ. ಅಜ್ಜ ಕಲಿಸಿದ 'ಭ'ಕಾರ ಮೈಕಿಗೆ ಗುದ್ದಿದಂತೆ ಬಡಿಯುತ್ತಿತ್ತು. ಮುಖವನ್ನು ಒಂದಿಷ್ಟು ಓರೆ ಮಾಡಿಕೊಂಡರೆ ಗಾಳಿ ಪಕ್ಕಕ್ಕೆ ಹೋಗಿ ಅಕ್ಷರ ಮಾತ್ರ ಉಳಿಯುತ್ತದೆ ಎಂದು ತೋರಿಸಿಕೊಟ್ಟವರೂ ಅವರೇ.

2020ರ ಮಾರ್ಚ್‌ನ ಲಾಕ್‌ಡೌನ್ ಬಂದಾಗ ಜಾತ್ರೆಗಳು ನಿಂತವು, ಕಂಪನಿಗಳ ರಂಗಮಂದಿರದ ತಗಡುಗಳು ಬಿಚ್ಚಿದ ಜಾಗದಲ್ಲೇ ಬಿದ್ದಿದ್ದವು. ಅದೇ ವರ್ಷ ಬೇರೆ ಭಾಷೆಯ ಪೌರಾಣಿಕ ಧಾರಾವಾಹಿಗಳು ಡಬ್ ಆಗಿ ಕನ್ನಡದ ವಾಹಿನಿಗಳಿಗೆ ಬಂದವು. ಮಹಾಪ್ರಾಣ ತಪ್ಪದೆ, ಉಸಿರು ಸಿಕ್ಕದೆ ಉದ್ದದ ಮಾತು ಹೇಳಬಲ್ಲವರಿಗಾಗಿ ಹುಡುಕಾಟ ನಡೆಯಿತು. ನಾಟಕದ ಕನ್ನಡ ಹಳತಾಯಿತು ಎಂದು ನಕ್ಕವರ ಸ್ಟುಡಿಯೋಗಳಿಗೇ ಕಂಪನಿ ಕಲಾವಿದರು ಹೋದರು. ನನಗೆ ಅದು ಹೆಮ್ಮೆಯ ಕಾಲ.

ಆ ಹೆಮ್ಮೆಯಲ್ಲೇ ತಪ್ಪು ಮಾಡಿದೆ. ಬಂದ ಕೆಲಸ ಯಾವುದನ್ನೂ ಬಿಡಲಿಲ್ಲ. ಬೆಳಿಗ್ಗೆ ಶಾಪ ಹಾಕುವ ರಾಣಿ, ಮಧ್ಯಾಹ್ನ ಗೋಳಾಡುವ ತಾಯಿ, ರಾತ್ರಿ ಅಟ್ಟಹಾಸದ ರಾಕ್ಷಸಿ. ಗಂಟಲು ಕಟ್ಟಿದರೆ ಶುಂಠಿ, ಜೇನು, ಮತ್ತೆ ಮೈಕು. 2024ರ ನವೆಂಬರ್‌ನಲ್ಲಿ ಒಂದು ಕಿರುಚಾಟದ ನಡುವೆ ದನಿ ನಿಂತುಹೋಯಿತು. ಧ್ವನಿತಂತುವಿನ ಮೇಲೆ ಗಂಟು ಬೆಳೆದಿತ್ತು. ಹೆಂಗಸರು ಸಹಜವಾಗಿ ಮಾತನಾಡುವಾಗ ಆ ತಂತುಗಳು ಸೆಕೆಂಡಿಗೆ ಸುಮಾರು 200 ಸಲ ಒಂದಕ್ಕೊಂದು ತಾಗುತ್ತವೆ ಎಂದು ವೈದ್ಯರು ವಿವರಿಸಿದಾಗ, ಹೊತ್ತುಗೊತ್ತಿಲ್ಲದೆ ಕಿರುಚಿದ ನನ್ನ ದಿನಗಳನ್ನು ನೆನೆದು ಎದೆ ಒಡೆಯಿತು.

ಶಸ್ತ್ರಚಿಕಿತ್ಸೆ ಆಯಿತು. ಮೊದಲ ಹತ್ತು ದಿನ ಒಂದು ಮಾತೂ ಇಲ್ಲ, ಪಿಸುಮಾತು ಕೂಡ ಇಲ್ಲ. ಪಿಸುಗುಟ್ಟಿದರೂ ಗಂಟಲಿಗೆ ಆಯಾಸವಾಗಬಹುದು ಎಂಬುದು ನನಗೆ ಹೊಸ ಸಂಗತಿ. ಆಮೇಲೆ ದಿನಕ್ಕೆ ಐದು ನಿಮಿಷ, ಹತ್ತು ನಿಮಿಷ. ವಾಕ್ ಚಿಕಿತ್ಸಕಿ ನನ್ನ ಮಗಳ ವಯಸ್ಸಿನವರು. ನೀರಿನ ಲೋಟದಲ್ಲಿ ಕೊಳವೆ ಇಟ್ಟು ಗುಳ್ಳೆ ಎಬ್ಬಿಸುತ್ತ 'ಊ' ಎನ್ನಿಸಿದರು. ನಲವತ್ತೈದು ವರ್ಷ ರಂಗದಲ್ಲಿ ಬಾಳಿದವಳಿಗೆ ಅಕ್ಷರಾಭ್ಯಾಸ ಮತ್ತೆ ಶುರುವಾಯಿತು. ನಾನು ಅತ್ತ ದಿನ ಅವರು ತಮ್ಮ ಲೋಟವನ್ನೂ ತಂದು ಎದುರು ಕುಳಿತು ನನ್ನೊಂದಿಗೆ ಗುಳ್ಳೆ ಎಬ್ಬಿಸಿದರು. ತಾಯೀ, ನಿಮಗೆ ಕೈಮುಗಿಯುತ್ತೇನೆ.

ದುಡಿದ ಹಣ ಕೆಲವು ಕಡೆ ಬರಲೇ ಇಲ್ಲ. ಸಹಕಲಾವಿದರು ತಮ್ಮ ತಮ್ಮಲ್ಲೇ ಸೇರಿಸಿ ಆಸ್ಪತ್ರೆಯ ಬಿಲ್ ಕಟ್ಟಿದರು, ಯಾರು ಎಷ್ಟು ಎಂಬ ಚೀಟಿಯನ್ನು ನನಗೆ ತೋರಿಸಲಿಲ್ಲ. ಡಬ್ ಆಗುತ್ತಿದ್ದ ಧಾರಾವಾಹಿಯೊಂದರಲ್ಲಿ ನನ್ನ ದನಿಯ ಜಾಗಕ್ಕೆ ಬಂದ ಹುಡುಗಿಯ ಋಣವಂತೂ ಬೇರೆಯದೇ. ಮೊದಲ ದಿನವೇ ವಿಡಿಯೋ ಕರೆ ಮಾಡಿ, ನಿಮ್ಮ ನಗು ಹೇಗೆ ಶುರುವಾಗುತ್ತದೆ ಎಂದು ಕೇಳಿದಳು. ನಾನು ಪಾಟಿಯ ಮೇಲೆ ಬರೆದು ತೋರಿಸಿದೆ: ಮೂಗಿನಿಂದ ಶುರು, ಎದೆಗೆ ಇಳಿಸು. ಅವಳಿಗೆ ಅವಳದೇ ಚೆಂದದ ನಗು ಇದೆ. ಆದರೂ ವೀಕ್ಷಕರು ನನ್ನನ್ನು ಮರೆಯಬಾರದೆಂದು ಅಷ್ಟು ಕಂತುಗಳಲ್ಲಿ ನನ್ನಂತೆಯೇ ನಕ್ಕಳು. ಇಬ್ಬರ ಹೆಸರೂ ಪರದೆಯ ಮೇಲೆ ಬರುವುದಿಲ್ಲ ಎಂದು ಗೊತ್ತಿದ್ದೇ ನಕ್ಕಳು.

ಇನ್ನು ನಮ್ಮ ಪಕ್ಕದ ಮನೆಯ ಅಕ್ಕ. ಖಣ, ಅಂದರೆ ರವಿಕೆಯ ಬಟ್ಟೆ, ನೇಯುವವರು. ಮಾತೆಂದರೆ ಅವರಿಗೆ ಪ್ರಾಣ, ಓಣಿಯ ಸುದ್ದಿಯೆಲ್ಲ ಅವರ ಮಗ್ಗದ ಹತ್ತಿರವೇ. ನಾನು ಮೌನ ಹಿಡಿದ ದಿನದಿಂದ ಅವರೂ ನನ್ನೆದುರು ಮಾತು ಬಿಟ್ಟರು. ತಾವು ಮಾತನಾಡಿದರೆ ನಾನು ತಡೆಯಲಾರದೆ ಉತ್ತರಿಸಿಬಿಡುತ್ತೇನೆ ಎಂಬ ಭಯ ಅವರಿಗೆ. ಸಂಜೆ ಜೋಳದ ಗಂಜಿ ತಂದು ಕಟ್ಟೆಯ ಮೇಲೆ ಕೂರುತ್ತಿದ್ದರು. ನಾನು ಕುಡಿದ ಮೇಲೆ ಬಟ್ಟಲು ತೆಗೆದುಕೊಂಡು ಹೋಗುತ್ತಿದ್ದರು. ಮರುಕ್ಷಣ ಗೋಡೆಯ ಆಚೆ ಮಗ್ಗದ ಸದ್ದು ಶುರುವಾಗುತ್ತಿತ್ತು. ಆ ಸದ್ದಿನ ಲಯಕ್ಕೆ ನಾನು ಉಸಿರಿನ ಅಭ್ಯಾಸ ಮಾಡಿದ್ದೇನೆ.

ಪಾರ್ಟು ಕೊಟ್ಟ ಕಂಪನಿ ಮಾಲೀಕರಿಗೆ, ನನಗಾಗಿ ತೂಗುಮೈಕನ್ನು ಒಂದು ಗೇಣು ಕೆಳಗಿಳಿಸಿದ ಹುಡುಗನಿಗೆ, ಚಳಿಯಲ್ಲಿ ಕಂಬಳಿ ಹೊದ್ದು ಕುಳಿತು ನನ್ನ ಸಣ್ಣ ಮಾತಿಗೂ ಗದ್ದಲ ನಿಲ್ಲಿಸಿದ ಬನಶಂಕರಿಯ ಪ್ರೇಕ್ಷಕರಿಗೆ ನನ್ನ ನಮಸ್ಕಾರಗಳು. ಅಂದು ಅಕ್ಕ ಬಾಗಿಲು, ಚೌಕಟ್ಟು ಮಾರುವವರ ಸಾಲು ದಾಟಿ ಜನರಲ್ಲಿ ನುಗ್ಗಿ ಬಂದು ಮೂರನೆಯ ಸಾಲಿನಲ್ಲಿ ಕುಳಿತಿದ್ದರು. ನಾಟಕ ಮುಗಿದ ಮೇಲೆ ಇಬ್ಬರೂ ಜಾತ್ರೆಯ ಬಸ್ ಹತ್ತಿದೆವು. ಬಸ್ ಬಾದಾಮಿ ದಾಟುವ ಹೊತ್ತಿಗೆ ಅವರು ಹದಿನಾಲ್ಕು ತಿಂಗಳ ಓಣಿಯ ಸುದ್ದಿಯನ್ನು ಮೊದಲಿನಿಂದ ಹೇಳಲು ಶುರುಮಾಡಿದ್ದರು. ಗುಳೇದಗುಡ್ಡ ಬಂದಾಗ ಇನ್ನೂ ಎರಡನೆಯ ಮದುವೆಯ ಕಥೆಯಲ್ಲಿದ್ದರು.