ಹನ್ನೊಂದು ಜನರಿಗೆ, ಮತ್ತೆ ವಾಪಸ್ ಹೋದ ಒಬ್ಬನಿಗೆ

ಅಪ್ಪ ತಿಪಟೂರಿಗೆ ವಾಪಸ್ ಬಂದು ಇವತ್ತಿಗೆ ಹನ್ನೆರಡು ದಿನ. ಬೆಳಿಗ್ಗೆ ತೋಟದ ಬದುವಿನವರೆಗೆ ಒಬ್ಬರೇ ನಡೆದು ಹೋಗಿ ಬಂದರು. ಬೋನ್ ಮ್ಯಾರೋ ರಿಪೋರ್ಟ್ ನೋಡಿ ಡಾಕ್ಟರು ರೆಮಿಷನ್ ಎಂದರು, ಅಂದರೆ ಸದ್ಯಕ್ಕೆ ರೋಗ ಹತೋಟಿಗೆ ಬಂದಿದೆ. ಪೂರ್ತಿ ವಾಸಿಯಾಯಿತು ಎಂದು ಅವರೂ ಹೇಳಲಿಲ್ಲ, ನಾವೂ ಕೇಳಲಿಲ್ಲ.

ಅಪ್ಪನಿಗೆ ಬಂದದ್ದು ಎಎಂಎಲ್, ರಕ್ತದ ಕ್ಯಾನ್ಸರ್. ಏಳು ದಿನದ ಮೊದಲ ಕೀಮೋ ಆದ ಮೇಲೆ, ಒಂದೂವರೆ ಲಕ್ಷಕ್ಕಿಂತ ಮೇಲಿರಬೇಕಾದ ಪ್ಲೇಟ್‌ಲೆಟ್ (ರಕ್ತ ಹೆಪ್ಪುಗಟ್ಟಿಸುವ ಕಣ) 8,000ಕ್ಕೆ ಇಳಿಯಿತು. ಬಾಯಿ ಮುಕ್ಕಳಿಸಿದರೂ ವಸಡಿನಲ್ಲಿ ರಕ್ತ. 'ಎಸ್‌ಡಿಪಿ ಬೇಕು, ಡೋನರ್ ಕರ್ಕೊಂಡು ಬನ್ನಿ' ಎಂದರು. ಹಾಗೆಂದರೇನು ಅಂತಲೇ ನನಗೆ ಗೊತ್ತಿರಲಿಲ್ಲ. ಒಬ್ಬರೇ ದಾನಿಯಿಂದ ತೆಗೆದ ಪ್ಲೇಟ್‌ಲೆಟ್ ಅಂತೆ. ದಾನಿಯ ತೋಳಿನಿಂದ ರಕ್ತ ಮಷೀನಿಗೆ ಹೋಗಿ, ಪ್ಲೇಟ್‌ಲೆಟ್ ಮಾತ್ರ ಚೀಲಕ್ಕಿಳಿದು, ಉಳಿದದ್ದು ಅವರ ಮೈಗೇ ಮರಳುತ್ತದೆ. ಆ ಚೀಲವನ್ನು ಫ್ರಿಜ್ಜಿನಲ್ಲಿ ಇಡುವ ಹಾಗಿಲ್ಲ. 22 ಡಿಗ್ರಿಯ ಆಸುಪಾಸಿನಲ್ಲಿ, ತೊಟ್ಟಿಲು ತೂಗಿದಂತೆ ಅಲ್ಲಾಡಿಸುತ್ತಲೇ ಇರಬೇಕು, ಹಾಗಿಟ್ಟರೂ ಐದೇ ದಿನ. ಹಾಗಾಗಿ ಮತ್ತೆ ಮತ್ತೆ ಜನ ಬೇಕು. ಮೊದಲ ಚೀಲ ಏರಿಸುವಾಗ ಅದರ ತಿಳಿಹಳದಿ ಬಣ್ಣ ನೋಡಿ ಅಪ್ಪ, "ಇದೇನಮ್ಮ, ರಕ್ತ ಅಂದ್ರೆ ಪಾನಕ ತಂದವ್ರೆ?" ಎಂದಿದ್ದರು.

ಒಬ್ಬರ ಮುಂದೆ ಕೈಚಾಚಿ ಅಭ್ಯಾಸವಿರುವ ಮನೆಯಲ್ಲ ನಮ್ಮದು. ಮುಯ್ಯಿ ಬಂದರೂ ಪುಸ್ತಕದಲ್ಲಿ ಬರೆದಿಟ್ಟು ತೀರಿಸುವವರು. 'ಎ ಪಾಸಿಟಿವ್, ಅರ್ಜೆಂಟ್' ಎಂದು ವಾಟ್ಸಾಪಿನಲ್ಲಿ ಹಾಕುವಾಗ ನನ್ನ ಕೈ ಹಿಂಜರಿದದ್ದು ನಿಜ. ಐದು ತಿಂಗಳಲ್ಲಿ ಹನ್ನೊಂದು ಜನ ಕೊಟ್ಟರು. ಕಾಲೇಜು ಹುಡುಗರು, ರಜೆ ಹಾಕಿ ಬಂದ ಬಸ್ ಕಂಡಕ್ಟರ್, ನಮ್ಮ ಬಿಲ್ಡಿಂಗಿನ ಸೆಕ್ಯೂರಿಟಿಯವರ ಅಳಿಯ. ಸ್ಯಾಂಪಲ್ ಕೊಟ್ಟು ಎರಡು ಗಂಟೆ ಕಾಯಬೇಕು, ಆಮೇಲೆ ಸೂಜಿ ಚುಚ್ಚಿಸಿಕೊಂಡು ಒಂದೂವರೆ ಗಂಟೆ ಮಲಗಬೇಕು. ತುಟಿ ಜುಮ್ಮೆಂದರೆ ಕ್ಯಾಲ್ಸಿಯಂ ಮಾತ್ರೆ ಅಗಿಯಬೇಕು. ಅರ್ಧ ದಿನದ ದುಡಿಮೆ ಹೋಯಿತೆಂದೇ ಲೆಕ್ಕ. ಪೆಟ್ರೋಲಿಗೆಂದು ಕೊಡಹೋದರೆ ಒಬ್ಬರೂ ಮುಟ್ಟಲಿಲ್ಲ. (ಫೋನ್ ಎತ್ತದ ನೆಂಟರ ವಿಷಯ ಇಲ್ಲಿ ಬೇಡ. ಅಮ್ಮ ಓದುತ್ತಾರೆ.)

ಆದರೆ ನನಗೆ ದಿನಾ ನೆನಪಾಗುವುದು ಕೊಡಲಾಗದೆ ಹೋದ ಹನ್ನೆರಡನೆಯವನು. ಯಾದಗಿರಿ ಕಡೆಯ ಹುಡುಗ, ಊಟ ಡೆಲಿವರಿ ಮಾಡುವವನು. ಜೋರು ಮಳೆಯ ಸಂಜೆ ರೇನ್‌ಕೋಟಿನಲ್ಲಿ ನೀರಿಳಿಸುತ್ತಾ ಬಂದ. ಎರಡೂ ತೋಳು ನೋಡಿದ ಟೆಕ್ನಿಷಿಯನ್, ನರ ಸಣ್ಣದಿದೆ, ಆಗಲ್ಲ ಎಂದರು. ಪರೀಕ್ಷೆಯಲ್ಲಿ ಫೇಲಾದವನಂತೆ ಆಚೆ ಬಂದು, "ನಂದು ನಡಿಯಂಗಿಲ್ಲಂತ್ರಿ ಅಕ್ಕಾ" ಎಂದ. ಪರವಾಗಿಲ್ಲಪ್ಪ, ಹೊರಡು ಎಂದೆ. "ಇರ್ರೀ, ನಮ್ಮ ರೂಮ್‌ನ್ಯಾಗ ಇನ್ನೊಬ್ಬ ಅದಾನ" ಎಂದವನು ಆ್ಯಪ್ ಆಫ್ ಮಾಡಿ ಗಾಡಿ ತಿರುಗಿಸಿದ. ಏಳು ಗಂಟೆಗೆ ಗೆಳೆಯನನ್ನು ಹಿಂದೆ ಕೂರಿಸಿಕೊಂಡು ಬಂದ. ಆ ಗೆಳೆಯನದ್ದು ಮುಗಿದಾಗ ಹನ್ನೊಂದಾಗಿತ್ತು. ಅಷ್ಟು ಹೊತ್ತೂ ಇವನು ಕಾರಿಡಾರಿನಲ್ಲಿ ಕೂತಿದ್ದ. ನಡುವೆ ಎಲ್ಲೋ ಹೋಗಿ ಇಡ್ಲಿ ತಂದ. ನನ್ನ ಕೈ ನಡುಗುತ್ತಿದ್ದದ್ದು ಕಂಡು ತಾನೇ ಪೊಟ್ಟಣ ಬಿಚ್ಚಿ, ಗಂಟು ಹಾಕಿದ್ದ ಚಟ್ನಿ ಕವರಿನ ಮೂಲೆಯನ್ನು ಹಲ್ಲಿನಿಂದ ಕಚ್ಚಿ, ಒಂದು ಹನಿಯೂ ಚೆಲ್ಲದ ಹಾಗೆ ಹಿಂಡಿದ. ನಾನು ಆವತ್ತು ತಿಂದ ಮೊದಲ ಊಟ ಅದು.

ನಿಮ್ಮೆಲ್ಲರ ಮುಯ್ಯಿ ಬರೆಯಲು ನಮ್ಮ ಪುಸ್ತಕದಲ್ಲಿ ಕಾಲಂ ಇಲ್ಲ. ತುಂಬಾ ಉಪಕಾರವಾಯಿತು.

ಈಗ ಅಪ್ಪನ ಹಟ, ಎಲ್ಲರಿಗೂ ಕಾಯಿ ಕಳಿಸಬೇಕಂತೆ. ಹನ್ನೆರಡು ಚೀಲ ಕಟ್ಟಿಸಿ ಜಗಲಿಯಲ್ಲಿಟ್ಟಿದ್ದಾರೆ, ದಯವಿಟ್ಟು ವಿಳಾಸ ಕಳಿಸಿ. ಯಾದಗಿರಿಯ ಹುಡುಗನಿಗೆ ನಿನ್ನೆ ಫೋನ್ ಮಾಡಿದ್ದೆ. "ನಾ ಏನೂ ಕೊಟ್ಟೇ ಇಲ್ಲಲ್ರೀ ಅಕ್ಕಾ, ನನಗ್ಯಾಕ?" ಎಂದ. ಪಕ್ಕದಲ್ಲೇ ಇದ್ದ ಅಪ್ಪನಿಗೆ ಅದು ಕೇಳಿಸಿತು. ಎದ್ದು ಹೋಗಿ ಆ ಚೀಲದ ಬಾಯಿ ಬಿಚ್ಚಿ ಇನ್ನೆರಡು ಕಾಯಿ ಹಾಕಿದರು.