ಟ್ಯಾಪ್ ಮುರಿದರೆ ತಪ್ಪು ಮಷೀನಿನದೇ?

ಮಾನ್ಯ ಸಂಪಾದಕರೇ,

‘ಡ್ರಿಲ್ಲಿಂಗ್ ಮಷೀನಿನಲ್ಲಿ ಟ್ಯಾಪ್ ಹಾಕಿದರೆ ಮುರಿದೇ ಮುರಿಯುತ್ತದೆ’ ಎಂದು ಹೊಸ ಹುಡುಗರನ್ನು ಹೆದರಿಸುವುದನ್ನು ಕೇಳಿ ಕೇಳಿ ಸಾಕಾಗಿದೆ. ಟ್ಯಾಪ್ ಅಂದರೆ ಬೋಲ್ಟ್ ಕೂರಲು ತೂತಿನೊಳಗೆ ಸುರುಳಿ ಎಳೆ (ಥ್ರೆಡ್) ಕೊರೆಯುವ ಉಪಕರಣ. 20 ವರ್ಷದಿಂದ ನಾನು ಟ್ಯಾಪ್ ಹಾಕುತ್ತಿರುವುದು ಆ ಮಷೀನಿನಲ್ಲೇ.

ಮುರಿದೇ ಇಲ್ಲ ಅಂತಲ್ಲ. ಮೊದಲ ವಾರವೇ ಎಂ6 (6 ಮಿ.ಮೀ. ಬೋಲ್ಟಿನ) ಟ್ಯಾಪೊಂದು ಕಟಕ್ ಎಂದಿತ್ತು. ತಳ ಮುಚ್ಚಿದ ತೂತಿಗೆ ಸ್ಪೈರಲ್ ಪಾಯಿಂಟ್ ಟ್ಯಾಪ್ ಹಾಕಿದ್ದೆ. ಅದು ಕೊರೆದ ಲೋಹದ ಚೂರನ್ನು ಮುಂದಕ್ಕೆ ತಳ್ಳುತ್ತದೆ. ಅಲ್ಲಿ ದಾರಿ ಎಲ್ಲಿದೆ? ಅಂಥ ತೂತಿಗೆ ಚೂರನ್ನು ಮೇಲಕ್ಕೆಳೆಯುವ ಸ್ಪೈರಲ್ ಫ್ಲೂಟ್ ಟ್ಯಾಪೇ ಬೇಕು.

ಎಂ8ಕ್ಕೆ 6.8 ಮಿ.ಮೀ. ಡ್ರಿಲ್, ಕಡಿಮೆ ವೇಗ, ಧಾರಾಳವಾಗಿ ಕಟಿಂಗ್ ಆಯಿಲ್. ಟ್ಯಾಪನ್ನು ಹಿಡಿಯುವ ಚಕ್ಕನ್ನು ಜಾಸ್ತಿ ಬಿಗಿಯಬೇಡಿ. ಭಾರ ಬಿದ್ದಾಗ ಟ್ಯಾಪ್ ಜಾರಲಿ, ಮುರಿಯುವುದಕ್ಕಿಂತ ಅದು ವಾಸಿ ಅಲ್ವಾ? ಎರಡು ಸುತ್ತು ಕಚ್ಚಿದ ಮೇಲೆ ಟ್ಯಾಪ್ ತಾನೇ ಒಳಗೆ ಹೋಗುತ್ತದೆ. ಮಷೀನಿನ ಹಿಡಿಯನ್ನು ಒತ್ತಬಾರದು, ಕೈ ಸುಮ್ನೆ ಹಿಂದೆ ಹೋದರೆ ಸಾಕು. ಲೇತಿನಲ್ಲಾದರೆ ಟ್ಯಾಪ್ ಹಿಡಿದಿರುವ ಟೇಲ್‌ಸ್ಟಾಕ್ (ಲೇತಿನ ತುದಿಯ ಜಾರುವ ಭಾಗ) ತಾನೇ ಮುಂದೆ ಸರಿಯುವಂತೆ ಅದರ ಲಾಕ್ ಬಿಚ್ಚಿಡಿ.

ಟ್ಯಾಪನ್ನು ಹಿಂದಕ್ಕೆ ತಿರುಗಿಸಿ ಹೊರತೆಗೆಯಲು ರಿವರ್ಸ್ ಇಲ್ಲದ ಮಷೀನಿನಲ್ಲಿ ಮಾತ್ರ ಈ ಸಾಹಸ ಬೇಡ. ಅಲ್ಲಿ ಸ್ವಿಚ್ ಆಫ್ ಮಾಡಿ, ಚಕ್ಕನ್ನು ಕೈಯಲ್ಲೇ ತಿರುಗಿಸಿ ಟ್ಯಾಪನ್ನು ನೆಟ್ಟಗೆ ಕಚ್ಚಿಸಿ. ಉಳಿದದ್ದನ್ನು ಟ್ಯಾಪ್ ಹ್ಯಾಂಡಲ್ ಹಿಡಿದು ಮುಗಿಸಿ.

– ಒಬ್ಬ ಮೆಷಿನಿಸ್ಟ್